ಬೋನಿನ ಪದ

"ಗ್ಲೆಂಬರ್!" ಎಂದು ಕೂಗಿ ಪ್ರೆಸ್ಸಿನ ಯಜಮಾನರು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. ಚಹಾದ ಲೋಟ ಉರುಳಿ ನನ್ನ ಪ್ಯಾಂಟಿನ ಮೇಲೆ ಚೆಲ್ಲಿತು. "ಓದಿ ಮೇಡಂ, ನೀವೇ ಓದಿ. ಗ್ಲೆಂಬರ್ ಅಂದ್ರೆ ಏನಂತ ಬರ್ದಿದಾನೆ ಆ ಮನೆಹಾಳ?"

ಅತ್ತಿಗೆ ಕನ್ನಡಕ ಏರಿಸಿಕೊಂಡು ಓದಿದರು. "ಗ್ಲೆಂಬರ್. ದೀಪ ಆರಿಸಿದ ಮೇಲೂ ಕಣ್ಣೊಳಗೆ ಸ್ವಲ್ಪ ಹೊತ್ತು ಉಳಿಯುವ ಬೆಳಕು."

"ಚೆನ್ನಾಗಿದೆ," ಎಂದೆ ನಾನು, ಪ್ಯಾಂಟು ಒರೆಸಿಕೊಳ್ಳುತ್ತ.

"ಚೆನ್ನಾಗಿರದೆ ಏನು ಸ್ವಾಮಿ? ನಮ್ಮ ಪುಸ್ತಕ ಬರೆಯೋ ಮೇಷ್ಟ್ರು ಕೂತು ಹುಟ್ಟಿಸಿದ ಪದ. ಇಂಗ್ಲಿಷಿನಲ್ಲಿ ಅಂಥದ್ದೊಂದು ಪದವೇ ಇಲ್ಲ!"

ಇಂಗ್ಲಿಷ್ ಪದಗಳ ಕೈಪಿಡಿ ಮಾಡುವ ಈ ಪ್ರೆಸ್ಸಿನ ಹೊಸ ಪುಸ್ತಕ ಇನ್ನೂ ಕರಡಿನಲ್ಲಿರುವಾಗಲೇ, ಎದುರಾಳಿ ಪ್ರಕಾಶಕ ಅದನ್ನೇ ಬೇರೆ ರಟ್ಟು ಹಾಕಿ ಅಂಗಡಿಗೆ ಇಳಿಸಿದ್ದ. ಕಳ್ಳನನ್ನು ಹಿಡಿಯಲು ನನ್ನ ಅತ್ತಿಗೆಗೆ ಕರೆ ಬಂದಿತ್ತು. ಪತ್ತೇದಾರಿಕೆ ಅವರ ಕಸುಬು. ಅವರ ಕಾರು ಓಡಿಸುವುದು ಮತ್ತು ಅವರಿಂದ ಬೈಸಿಕೊಳ್ಳುವುದು ಮೈದುನನಾದ ನನ್ನದು.

"ಇಲ್ಲದ ಪದವನ್ನ ಪುಸ್ತಕದಲ್ಲಿ ಹಾಕ್ತೀರಾ? ಓದೋ ಮಕ್ಕಳ ಗತಿ?" ಎಂದೆ.

"ಒಂದೇ ಒಂದು ಸ್ವಾಮಿ. ಪುಸ್ತಕಕ್ಕೆ ಒಂದು. ಅದಕ್ಕೆ ನಮ್ಮಲ್ಲಿ ಬೋನು ಅಂತೀವಿ. ಗ್ಲೋ, ಗ್ಲಿಟರ್ ಎಲ್ಲ ಲೋಕದ ಆಸ್ತಿ. ಅವನ್ನ ಯಾರು ಬೇಕಾದ್ರೂ ಅಚ್ಚು ಹಾಕಬಹುದು, ಕದ್ದ ಅಂತ ಕೋರ್ಟಿನಲ್ಲಿ ಸಾಬೀತು ಮಾಡೋದು ಹೇಗೆ? ನಾವು ಹುಟ್ಟಿಸಿದ ಪದ ಅವನ ಪುಸ್ತಕದಲ್ಲಿ ಸಿಕ್ಕಿದ್ರೆ, ಅಲ್ಲಿಗೆ ಸಿಕ್ಕಿಬಿದ್ದ. ಈ ಸಲದ ಬೋನು ಗ್ಲೆಂಬರ್. ಅದು ಗೊತ್ತಿದ್ದದ್ದೂ, ಕರಡು ಕೈಗೆ ಸಿಗೋದೂ ಮೂರೇ ಜನಕ್ಕೆ. ಮಾಡಿದ ಮೇಷ್ಟ್ರಿಗೆ, ನನಗೆ, ಆಮೇಲೆ ಕರಡಮ್ಮನಿಗೆ."

ಕರಡಮ್ಮ ಎಂದರೆ ಅಲ್ಲಿ ಕರಡು ತಿದ್ದುವ ಹೆಂಗಸು. ಪ್ರೆಸ್ಸಿನಲ್ಲಿ ಅವಳ ನಿಜವಾದ ಹೆಸರು ಎಲ್ಲರೂ ಮರೆತಿದ್ದರು, ಪ್ರಾಯಶಃ ಅವಳೂ. ತಪ್ಪು ಪದ ಕಂಡರೆ ಹೊಡೆದು ಹಾಕುವುದೇ ಅವಳ ಕೆಲಸ, ಆದ್ದರಿಂದ ಬೋನು ಯಾವುದೆಂದು ಅವಳಿಗೆ ಮೊದಲೇ ಹೇಳಿಡಬೇಕು.

"ನನ್ನ ಮಾಲು ನಾನೇ ಕದಿಯಲ್ಲ," ಎಂದರು ಯಜಮಾನರು. "ಮೇಷ್ಟ್ರು ಮಹಡಿಯ ಕೋಣೆ ಬಿಟ್ಟು ಕೆಳಗೆ ಇಳಿಯೋದೇ ಅಪರೂಪ. ನಮ್ಮಪ್ಪನ ಕಾಲದಿಂದ ಇದ್ದಾರೆ, ದೇವರಂಥ ಮನುಷ್ಯ. ಉಳಿದವರು ಯಾರು? ಉಪ್ಪು ತಿಂದ ಮನೆಗೇ..." ಅವರಿಗೆ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. "ಊಟ ಮುಗಿಸಿ ಬರ್ತೀನಿ ಮೇಡಂ. ಬಂದವನೇ ಪೊಲೀಸಿಗೆ ಫೋನ್ ಮಾಡ್ತೀನಿ. ಅಷ್ಟರಲ್ಲಿ ಅವಳ ಬಾಯಿ ಬಿಡಿಸಿದ್ರೆ ಬಿಡಿಸಿ."

ಅತ್ತಿಗೆ ಒಂದೇ ಪ್ರಶ್ನೆ ಕೇಳಿದರು. "ಬೋನು ಎಲ್ಲಿದೆ ಅಂತ ಗೊತ್ತಿರೋ ಇಲಿ ಬೋನಿಗೆ ಬೀಳುತ್ತಾ?"

"ಅಂದ್ರೆ?"

"ಅವಳು ಕದ್ದಿದ್ರೆ ಮಾರೋ ಮುಂಚೆ ಗ್ಲೆಂಬರ್ ಹೊಡೆದು ಹಾಕ್ತಿರ್ಲಿಲ್ವಾ?"

"ಗಾಬರೀಲಿ ಮರೆತಿರಬಹುದು," ಎಂದು ಗೊಣಗಿ ಯಜಮಾನರು ಊಟಕ್ಕೆ ಹೊರಟೇಬಿಟ್ಟರು. ಹಟ ಹಿಡಿದವರಿಗೆ ಹಸಿವು ಜಾಸ್ತಿ.

ಕದ್ದ ಪುಸ್ತಕ ಮತ್ತು ಪ್ರೆಸ್ಸಿನ ಕರಡು, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಅತ್ತಿಗೆ ಕುಳಿತರು. ನನ್ನ ಮುಂದೆ ದಿಂಬಿನಷ್ಟು ದಪ್ಪದ ಡಿಕ್ಷನರಿ ಬಂತು.

"ನಾನು ಪದ ಹೇಳ್ತೀನಿ, ನೀನು ಅದರಲ್ಲಿ ಇದೆಯಾ ನೋಡು."

"ಅತ್ತಿಗೆ, ಇಂಗ್ಲಿಷಿನಲ್ಲಿ ನಾನು ಪಾಸಾದದ್ದೇ ಪಕ್ಕದವನ ದಯೆಯಿಂದ."

"ಇವತ್ತು ಪಕ್ಕದಲ್ಲಿ ನಾನಿದೀನಿ. ಹುಡುಕು."

ಮೇಷ್ಟ್ರ ಪುಸ್ತಕದ ಕ್ರಮವೇ ಬೇರೆ. ಒಂದೇ ಅಕ್ಷರಗಳಿಂದ ಶುರುವಾಗುವ ಪದಗಳನ್ನು ಅವರು ಒಂದು ಮನೆಯವರೆಂದು ಕರೆಯುತ್ತಾರೆ. ಜಿ-ಎಲ್ ಮನೆಯಲ್ಲಿ ಬೆಳಕಿನವರದೇ ಕಾರುಬಾರು. ಗ್ಲೋ ಎಂದರೆ ಜ್ವಾಲೆಯಿಲ್ಲದ ಹೊಳಪು. ಗ್ಲಿಟರ್ ಎಂದರೆ ಮಿಣಮಿಣ ಮಿನುಗುವುದು. ಗ್ಲಿಮರ್ ಎಂದರೆ ನಡುಗುವ ಮಂದ ಬೆಳಕು. ಗ್ಲೇರ್ ಎಂದರೆ ಕಣ್ಣು ಕುಕ್ಕುವ ಬೆಳಕು, ಸಿಟ್ಟಿನಿಂದ ದಿಟ್ಟಿಸುವುದಕ್ಕೂ ಅದೇ ಪದ. ಗ್ಲೂಮ್ ಎಂದರೆ ಮಬ್ಬುಗತ್ತಲೆ. ಅದರ ಪಕ್ಕದಲ್ಲಿ ಮೇಷ್ಟ್ರು ಬರೆದಿದ್ದರು: ಬೆಳಕಿನ ಮನೆಯಲ್ಲಿ ಮುಖ ಊದಿಸಿಕೊಂಡು ಕೂತ ಅಳಿಯ.

ಶಾಲೆಯಲ್ಲಿ ಹೀಗೆ ಹೇಳಿಕೊಟ್ಟಿದ್ದರೆ ನಾನೂ ಇಷ್ಟು ಹೊತ್ತಿಗೆ ಏನಾದರೂ ಆಗಿರುತ್ತಿದ್ದೆ.

"ಗ್ಲಿನ್ನೆಟ್," ಎಂದರು ಅತ್ತಿಗೆ.

ಹುಡುಕಿದೆ. ಹಿಂದಿನ ಪುಟ, ಮುಂದಿನ ಪುಟ ಎಲ್ಲ ತಿರುವಿದೆ. "ಇಲ್ಲ."

"ಗ್ಲಾರೆಟ್."

"ಅದೂ ಇಲ್ಲ ಅತ್ತಿಗೆ. ನನ್ನ ಕಣ್ಣಿಗೇನಾದರೂ..."

"ನಿನ್ನ ಕಣ್ಣು ಸರಿ ಇದೆ." ಅವರು ಕದ್ದ ಪುಸ್ತಕವನ್ನು ನನ್ನತ್ತ ತಿರುಗಿಸಿದರು. "ಈ ಎರಡು ಪದ ಇದರಲ್ಲಿವೆ. ನಮ್ಮ ಕರಡಿನಲ್ಲಿ ಇಲ್ಲ."

"ಹಾಗಾದ್ರೆ ಆ ಕಳ್ಳ ತನ್ನದೇ ಬೋನು ಇಟ್ಟಿರಬೇಕು."

"ಕದ್ದ ಹಸುವಿಗೆ ಯಾರಾದ್ರೂ ಗಂಟೆ ಕಟ್ತಾರೇನಪ್ಪಾ? ಅರ್ಥ ಓದು. ಯಾರ ಧ್ವನಿ ಕೇಳ್ಸುತ್ತೆ ಹೇಳು."

ಓದಿದೆ. ಗ್ಲಿನ್ನೆಟ್: ಮುಚ್ಚಿದ ಬಾಗಿಲಿನ ಅಡಿಯಿಂದ ಕಾಣುವ ಬೆಳಕು, ಒಳಗೆ ಯಾರೋ ಇದ್ದಾರೆಂಬ ಧೈರ್ಯ. ಗ್ಲಾರೆಟ್: ಪರಿಚಯದ ಮುಖ ಕಂಡು ಹೆಸರು ಬಾರದೆ ಕಣ್ಣರಳಿಸುವುದು.

ಅಳಿಯನ ಮುಖ ಊದಿಸಿದ ಕೈಯೇ ಇದನ್ನೂ ಬರೆದದ್ದು. ಅದನ್ನು ಹೇಳಲು ಡಿಕ್ಷನರಿ ಬೇಕಿರಲಿಲ್ಲ.

ಅತ್ತಿಗೆ ಕರಡಿನ ಆ ಪುಟದ ತಳಕ್ಕೆ ಬೆರಳಿಟ್ಟರು. ಬೇರೆ ಪುಟಗಳಲ್ಲಿ ಇರುವೆ ನುಸುಳಲೂ ಜಾಗವಿಲ್ಲದಂತೆ ಅಕ್ಷರ ತುಂಬಿತ್ತು. ಇಲ್ಲಿ ಮಾತ್ರ ಕೊನೆಯಲ್ಲಿ ಒಂದು ಪುಟ್ಟ ದೀಪದ ಚಿತ್ರ ಕೂತಿತ್ತು. ಎರಡು ಪದ, ಅವುಗಳ ಅರ್ಥ ತೆಗೆದರೆ ಎಷ್ಟು ಜಾಗ ಉಳಿಯುತ್ತದೋ ಅಷ್ಟೇ ಎತ್ತರದ ದೀಪ.

"ಪುಟ ಕಟ್ಟೋದು ಯಾರು?" ಎಂದೆ.

"ಕರಡಮ್ಮನೇ. ನಡಿ."

ಕರಡಿನ ಕೋಣೆ ಪ್ರೆಸ್ಸಿನ ಹಿಂಭಾಗದಲ್ಲಿತ್ತು. ಅಂಟಿನ ವಾಸನೆ, ಕಾಗದದ ದೂಳು, ಗೋಡೆಯಾಚೆ ಯಂತ್ರದ ಗಡಗಡ. ಕರಡಮ್ಮ ಕಂಪ್ಯೂಟರ್ ಆರಿಸಿ, ಕೆಂಪು ಪೆನ್ನುಗಳನ್ನೆಲ್ಲ ಲೋಟದಲ್ಲಿ ನಿಲ್ಲಿಸಿ, ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಹೊರಡಲು ಸಿದ್ಧಳಾದವಳ ಹಾಗೆ.

ಅತ್ತಿಗೆ ಎದುರಿಗೆ ಕುರ್ಚಿ ಎಳೆದುಕೊಂಡರು. "ನೋಡಮ್ಮ, ನೀನು ಕದ್ದಿಲ್ಲ ಅಂತ ನನಗೆ ಗೊತ್ತು."

ಇಂಥ ಮಾತು ಕೇಳಿದರೆ ಯಾರಿಗಾದರೂ ಹೋದ ಜೀವ ಬಂದಂತಾಗಬೇಕು. ಅವಳು ಇನ್ನಷ್ಟು ಬಿಳಿಚಿಕೊಂಡಳು.

"ನಾನೇ ಕದ್ದದ್ದು ಮೇಡಂ," ಎಂದಳು. "ಬರ್ಕೊಳ್ಳಿ."

"ಯಾರಿಗೆ ಕೊಟ್ಟೆ?"

"ಅವರಿಗೇ. ಆ ಪ್ರಕಾಶಕರಿಗೆ."

"ಎಲ್ಲಿ? ಯಾವಾಗ? ಏನು ಕೊಟ್ಟರು ನಿನಗೆ?"

ಪಾಪ, ಸುಳ್ಳು ಹೇಳಿ ರೂಢಿ ಇಲ್ಲದವಳು. ಎರಡನೇ ಪ್ರಶ್ನೆಗೇ ಮುಗ್ಗರಿಸಿದಳು.

"ಗ್ಲಿನ್ನೆಟ್, ಗ್ಲಾರೆಟ್," ಎಂದರು ಅತ್ತಿಗೆ ಮೆಲ್ಲಗೆ. "ಇವನ್ನ ತೆಗೆದು ದೀಪದ ಚಿತ್ರ ಹಾಕಿದ್ದು ನೀನು. ಮಾರೋದಾದ್ರೆ ನೀನು ತಿದ್ದಿದ ಪುಟ ಮಾರ್ತಿದ್ದೆ. ತಪ್ಪು ಅಂತ ಗೊತ್ತಿದ್ದೂ ತಿದ್ದದ ಹಸಿ ಪುಟ ಕೊಡ್ತಿರ್ಲಿಲ್ಲ. ಮೇಷ್ಟ್ರು ಬರೆದದ್ದರ ಇನ್ನೊಂದು ಪ್ರತಿ ಎಲ್ಲಿರುತ್ತೆ?"

ಅವಳು ಚೀಲದ ಹಿಡಿ ತಿರುಚತೊಡಗಿದಳು.

"ಮೇಷ್ಟ್ರು ಎರಡು ಸಲ ಬರೀತಾರೆ," ಎಂದಳು ಕೊನೆಗೆ. "ಒಂದು ನನಗೆ ಕಳಿಸ್ತಾರೆ. ಇನ್ನೊಂದು ಅವರ ಮೇಜಿನ ಮೇಲೇ ಇರುತ್ತೆ. ಮೇಡಂ, ನಿಮ್ಮ ಕೈ ಮುಗೀತೀನಿ, ಮೇಲೆ ಹೋಗಬೇಡಿ."

"ಯಾವಾಗಿನಿಂದ ಹೀಗೆ ಅವರು?"

ಅಲ್ಲಿಗೆ ಅವಳ ಕಟ್ಟೆ ಒಡೆಯಿತು. ಅಳುತ್ತಲೇ ಹೇಳಿದಳು. ಮೊದಮೊದಲು ಪುಸ್ತಕಕ್ಕೆ ಒಂದು ಪದ ಹೆಚ್ಚಾಗಿ ಬರುತ್ತಿತ್ತಂತೆ. ಬೋನು ಯಾವುದೆಂದು ಮರೆತು ಇನ್ನೊಂದು ಇಟ್ಟಿರಬೇಕು ಎಂದುಕೊಂಡು ಅವಳು ಸುಮ್ಮನೆ ತೆಗೆದಳು. ಆಮೇಲೆ ಎರಡು. ನಿಜವಾದ ಪದಗಳು ಅವರ ತಲೆಯಿಂದ ಜಾರಿದ ಹಾಗೆಲ್ಲ, ಆ ಜಾಗದಲ್ಲಿ ಹೊಸದೊಂದನ್ನು ಹುಟ್ಟಿಸಿ ಕೂರಿಸುತ್ತಿದ್ದರು, ಅದು ನಿಜವೆಂದೇ ನಂಬಿ. ಅವಳು ತೆಗೆಯುತ್ತ ಬಂದಳು, ಎಲ್ಲೂ ಬಾಯಿ ಬಿಡಲಿಲ್ಲ.

"ಯಜಮಾನ್ರಿಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಕೆಲಸ ಬಿಡಿಸ್ತಾರೆ. ಕೆಲಸ ಇಲ್ಲ ಅಂದ್ರೆ ಆ ಕೋಣೆ ಇಲ್ಲ. ಮದುವೆ ಮಕ್ಕಳು ಏನೂ ಇಲ್ಲದ ಜೀವ, ಯಾವುದೋ ಆಶ್ರಮದ ಮಂಚದ ಮೇಲೆ ಹಾಕಿ ಬರ್ತಾರೆ. ಆ ಪದಗಳನ್ನ ಬಿಟ್ರೆ ಅವರಿಗೆ ಇನ್ನೇನಿದೆ ಮೇಡಂ? ನಾನು ಇಲ್ಲಿಗೆ ರಟ್ಟಿಗೆ ಅಂಟು ಬಳಿಯೋಕೆ ಬಂದವಳು. ಅವರೇ ಪಕ್ಕದಲ್ಲಿ ಕೂರಿಸ್ಕೊಂಡು, ಒಂದೊಂದು ಮನೆ ಪರಿಚಯ ಮಾಡಿಸಿ, ಈ ಕುರ್ಚಿಗೆ ತಂದು ಕೂರಿಸಿದ್ರು. ನಮ್ಮಪ್ಪನೂ ನನಗೆ ಅಷ್ಟು ಮಾಡಿಲ್ಲ."

"ಪೊಲೀಸರು ಬಂದ್ರೆ ನಿನ್ನ ಗತಿ? ಮನೇಲಿ ಯಾರಿದಾರೆ?"

"ನಮ್ಮನೆಯವರು. ಅಂಗಡಿ ಅಂಗಡಿ ತಿರುಗಿ ಪುಸ್ತಕದ ಆರ್ಡರ್ ಹಿಡಿಯೋ ಕೆಲಸ. ಸಮಾಧಾನದ ಮನುಷ್ಯ. ಇಲ್ಲಿ ಏನೇ ಆದ್ರೂ ನಾನು ಹೇಳ್ಕೊಳ್ಳೋದು ಅವರ ಹತ್ರಾನೇ. ಅವರು ಅರ್ಥ ಮಾಡ್ಕೊಳ್ತಾರೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೆ ಕೈಕಾಲು ಗಟ್ಟಿ ಇವೆ ಮೇಡಂ. ಎಲ್ಲಾದ್ರೂ ಬದುಕ್ತೀನಿ."

ನನಗೆ ಕಣ್ಣು ಮಂಜಾಯಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮಾಡದ ಕಳ್ಳತನವನ್ನು ತಲೆಮೇಲೆ ಹೊತ್ತುಕೊಂಡು, ಬಟ್ಟೆ ಚೀಲ ಹಿಡಿದು, ಜೈಲಿಗೆ ಹೋಗಲು ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು ಆ ಹೆಂಗಸು.

ಅತ್ತಿಗೆ ಎದ್ದರು. "ಮೇಷ್ಟ್ರು ಯಾರಿಗೋ ಪುಟ ಕೊಟ್ಟಿದ್ದಾರೆ. ಆ ಯಾರೋ ಸಿಕ್ಕಿದ್ರೆ ನಿನ್ನ ಹೆಸರು ಉಳಿಯುತ್ತೆ, ಮೇಷ್ಟ್ರ ವಿಷಯ ಬಯಲು ಮಾಡೋ ಅಗತ್ಯವೂ ಬರಲಿಕ್ಕಿಲ್ಲ. ನಾನು ಅವರಿಗೆ ನೋವಾಗೋ ಒಂದು ಮಾತೂ ಆಡಲ್ಲ. ನೀನೂ ಬಾ."

ಮಹಡಿಯ ಕೋಣೆಗೆ ಎರಡು ಬಾಗಿಲು. ಒಂದು ಪ್ರೆಸ್ಸಿನ ಒಳಗಿನಿಂದ. ಇನ್ನೊಂದಕ್ಕೆ ಹಿಂದಿನ ಓಣಿಯಿಂದ ಕಬ್ಬಿಣದ ಮೆಟ್ಟಿಲು ಬರುತ್ತಿತ್ತು. ಆ ಮೆಟ್ಟಿಲು ಹತ್ತಿ ಬಂದವರು ಪ್ರೆಸ್ಸಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಅತ್ತಿಗೆ ಅದನ್ನು ನೋಡಿ ಹುಬ್ಬು ಹಾರಿಸಿದರು.

ಮೇಷ್ಟ್ರು ಕಿಟಕಿಯ ಬಳಿ ಮೇಜಿಗೆ ಬಾಗಿ ಬರೆಯುತ್ತಿದ್ದರು. ತೊಳೆದು ಮಡಿಸಿಟ್ಟಂತಿದ್ದ ಮುದುಕ. ನಮ್ಮನ್ನು ಕಂಡು ಖುಷಿಯಾದರು. ಯಾರು ಏನೆಂದು ಕೇಳಲಿಲ್ಲ, ನನ್ನನ್ನೇ ಹಿಡಿದುಕೊಂಡರು.

"ಬನ್ನಿ ಬನ್ನಿ. ಎಸ್-ಎನ್ ಮನೆಯವರು ಎಲ್ಲಿ ವಾಸ ಮಾಡ್ತಾರೆ, ಹೇಳಿ ನೋಡೋಣ?"

"ಗೊತ್ತಿಲ್ಲ ಮೇಷ್ಟ್ರೇ."

"ಮೂಗಿನಲ್ಲಿ!" ಎಂದು ತಮ್ಮ ಮೂಗನ್ನೇ ಹಿಡಿದು ತೋರಿಸಿದರು. "ಸ್ನೋರ್, ಗೊರಕೆ. ಸ್ನೀಜ್, ಸೀನು. ಸ್ನಿಫ್, ಮೂಸಿ ನೋಡೋದು. ಸ್ನೌಟ್, ಪ್ರಾಣಿಗಳ ಮೂತಿ. ಸ್ನೀರ್, ಮೂಗು ಮುರಿಯೋದು. ಎಲ್ಲ ಒಂದೇ ಮನೆಯವರು, ಒಂದೇ ಬಾಗಿಲು."

"ನಮ್ಮಣ್ಣ ಸ್ನೋರ್ ಮಾಡಿದ್ರೆ ಬೀದಿ ಏಳುತ್ತೆ ಮೇಷ್ಟ್ರೇ," ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತಿಗೆಯೂ ನಕ್ಕರು, ಗಂಡನ ಮಾನ ಹೋದದ್ದನ್ನು ಲೆಕ್ಕಿಸದೆ.

ಆಗ ಮೇಷ್ಟ್ರ ನೋಟ ನನ್ನ ಹಿಂದೆ ನಿಂತಿದ್ದ ಕರಡಮ್ಮನ ಕಡೆ ಹೋಯಿತು. ಕಣ್ಣು ಅರಳಿತು. ತುಟಿ ಏನನ್ನೋ ಹುಡುಕಿತು, ಸಿಗಲಿಲ್ಲ.

"ಬಾಮ್ಮಾ," ಎಂದರು ಕೊನೆಗೆ. "ನೀನು... ಬಾ, ಬಾ, ಕೂತ್ಕೋ."

ಗ್ಲಾರೆಟ್. ಆ ಪದಕ್ಕೆ ಅರ್ಥ ಎಲ್ಲಿಂದ ಬಂದಿತ್ತೆಂದು ನನಗೆ ಆಗ ತಿಳಿಯಿತು. ಕರಡಮ್ಮ ಏನೂ ಆಗದವಳಂತೆ ಹೋಗಿ ಅವರ ಹೊದಿಕೆ ಸರಿಮಾಡಿದಳು.

ಅತ್ತಿಗೆ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಹಗುರವಾಗಿ ಕುಳಿತರು. "ಮೇಷ್ಟ್ರೇ, ಜಿ-ಎಲ್ ಮನೆ ಓದಿದೆ. ಬಹಳ ಇಷ್ಟ ಆಯ್ತು. ಇಲ್ಲಿದ್ದ ನಿಮ್ಮ ಕೈಬರಹದ ಪುಟ ಯಾರು ತಗೊಂಡು ಹೋದ್ರು?"

"ಯಾರೋ ಯಾಕೆ ತಗೊಂಡು ಹೋಗ್ತಾರೆ? ನಾನೇ ಕೊಟ್ಟೆ. ನನ್ನ ತಮ್ಮನಿಗೆ."

ಕರಡಮ್ಮನ ಕೈ ಹೊದಿಕೆಯ ಮೇಲೇ ನಿಂತಿತು.

"'ಅಣ್ಣಾ, ಅಚ್ಚಾಗೋ ಮುಂಚೆ ನಾನೊಮ್ಮೆ ಓದ್ತೀನಿ' ಅಂದ. ಚಿಕ್ಕಂದಿನಲ್ಲೂ ಹಾಗೇ ಅವನು, ನಾನು ಏನು ಬರೆದ್ರೂ ಮೊದಲು ಅವನೇ ಓದಬೇಕು. ಎಷ್ಟೋ ದಿನ ಬಂದೇ ಇರಲಿಲ್ಲ. ಈಗ ಪದೇ ಪದೇ ಬರ್ತಾನೆ. ಇಲ್ಲೇ ಕೂತು ಮಾತಾಡ್ತಾನೆ." ಮೇಷ್ಟ್ರು ಬರೆಯುತ್ತಿದ್ದ ಹಾಳೆಗಳನ್ನು ಜೋಡಿಸಿ ತಟ್ಟಿದರು. "ಈ ಎಸ್-ಎನ್ ಮನೆಯನ್ನೂ ಇವತ್ತು ಒಯ್ತೀನಿ ಅಂದಿದ್ದಾನೆ."

ಅತ್ತಿಗೆ ಕಣ್ಣಲ್ಲೇ ಕೇಳಿದರು. ಕರಡಮ್ಮ ನಮ್ಮಿಬ್ಬರನ್ನೂ ಓಣಿಯ ಕಡೆಯ ಬಾಗಿಲ ಬಳಿಗೆ ಎಳೆದು ತಂದು ಪಿಸುಗುಟ್ಟಿದಳು.

"ತಮ್ಮ ಎಲ್ಲಿಂದ ಬರ್ತಾರೆ ಮೇಡಂ? ಹುಡುಗರಾಗಿದ್ದಾಗಲೇ ಹೊಳೆಯಲ್ಲಿ ಹೋಗಿಬಿಟ್ರು. ಇವರ ಕಣ್ಣೆದುರಿಗೇ."

"ಈ ವಿಷಯ ಯಾರ್ಯಾರಿಗೆ ಗೊತ್ತು?" ಎಂದರು ಅತ್ತಿಗೆ.

"ಯಾರಿಗೂ ಗೊತ್ತಿಲ್ಲ. ಯಜಮಾನ್ರಿಗೂ ಇಲ್ಲ. ಒಂದ್ಸಲ ನನ್ನ ಹತ್ರ ಹೇಳ್ಕೊಂಡು ಅತ್ತಿದ್ರು, ಅಷ್ಟೇ. ನಾನು ಇಲ್ಲಿ ಒಬ್ಬರಿಗೂ ಹೇಳಿಲ್ಲ ಮೇಡಂ. ಮನೇಲಿ ಬಿಟ್ರೆ..."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಹೊರಗೆ ಕಬ್ಬಿಣದ ಮೆಟ್ಟಿಲು ದಡದಡ ಸದ್ದು ಮಾಡಿತು. ಯಾರೋ ಗುರುತಿದ್ದವರ ಹಾಗೆ ಬಾಗಿಲು ತಟ್ಟಿದರು.

"ಅಣ್ಣಾ, ನಾನು. ಊಟ ಆಯ್ತಾ?"

ಎಷ್ಟು ಅಕ್ಕರೆಯ ಧ್ವನಿ ಅದು! ಗೊತ್ತಿಲ್ಲದಿದ್ದರೆ ನಾನೂ ತಮ್ಮನೆಂದೇ ನಂಬುತ್ತಿದ್ದೆ. ಮೇಷ್ಟ್ರ ಮುಖ ಹಿಗ್ಗಿನಿಂದ ಕೆಂಪಾಯಿತು. ಹಾಳೆಗಳನ್ನು ಎದೆಗೆ ಒತ್ತಿಕೊಂಡು, ಕಾಲಿನಿಂದಲೇ ಚಪ್ಪಲಿ ತಡಕುತ್ತ, "ನೋಡಿದ್ರಾ, ಹೇಳಿದೆನಲ್ಲ, ಬಂದ!" ಎಂದು ಏಳಲು ಹೊರಟರು.

ಕರಡಮ್ಮ ನನ್ನ ತೋಳು ಹಿಡಿದಳು. ಉಗುರು ನೆಟ್ಟಿತು.

"ನಮ್ಮನೆಯವರು," ಎಂದಳು. ಧ್ವನಿ ಹೊರಡಲಿಲ್ಲ, ಬರೀ ತುಟಿ ಆಡಿತು.

ಅತ್ತಿಗೆಯ ಕೈ ಆಗಲೇ ಚಿಲಕದ ಮೇಲಿತ್ತು. ತೆಗೆದರೆ ಕಳ್ಳ ಸಿಗುತ್ತಿದ್ದ, ಯಜಮಾನರು ಫೋನ್ ಎತ್ತುವ ಮೊದಲೇ ಅವಳ ಹೆಸರು ಉಳಿಯುತ್ತಿತ್ತು. ಆದರೂ ಅತ್ತಿಗೆ ತೆಗೆಯಲಿಲ್ಲ. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಒಂದು ಹೆಜ್ಜೆ ಸರಿದು, ಕರಡಮ್ಮನಿಗೆ ದಾರಿ ಬಿಟ್ಟರು.

"ಅಣ್ಣಾ?" ಎಂದಿತು ಹೊರಗಿನ ಧ್ವನಿ ಮತ್ತೊಮ್ಮೆ.

ಮೇಷ್ಟ್ರು ಬಂದು ಕರಡಮ್ಮನ ಭುಜದ ಮೇಲೆ ಕೈಯಿಟ್ಟು ನಕ್ಕರು.

"ತೆಗೀಮ್ಮ," ಎಂದರು. "ಪಾಪ, ನನ್ನ ತಮ್ಮ ಎಷ್ಟು ಹೊತ್ತಂತ ಹೊರಗೆ ನಿಲ್ತಾನೆ?"